ಕೊಪ್ಪರಿಗೆಗೆ ಮಾರಿಹೋದ ಕಲಾಯಿಯವನು

ಸಾತಿಲ್ಮಿಶ್ ಎನ್ನುವ ಊರಿನಲ್ಲಿ ಸಾತಿಲ್ಮಿಶ್ ಎನ್ನುವ ಹೆಸರಿನ ಗಂಡಸರು ಹದಿನೇಳು ಜನ ಇದ್ದರು. ಚಹಾದಂಗಡಿಯ ಬಾಗಿಲಲ್ಲಿ ನಿಂತು ಯಾರಾದರೂ "ಸಾತಿಲ್ಮಿಶ್" ಎಂದು ಕರೆದರೆ ಹದಿನೇಳು ತಲೆಗಳು ತಿರುಗುತ್ತಿದ್ದವು. ಹದಿನೆಂಟನೆಯದು ಕುರಿಮಂದೆಯ ನಾಯಿಯದು. ಅದಕ್ಕೆ ಆ ಹೆಸರನ್ನು ಯಾರೂ ಇಟ್ಟಿರಲಿಲ್ಲ. ಎಲ್ಲರೂ ತಿರುಗುತ್ತಾರಲ್ಲ ಎಂದು ಅದೂ ತಿರುಗುತ್ತಿತ್ತು, ಅಷ್ಟೆ.

ಸಾತಿಲ್ಮಿಶ್ ಅಂದರೆ ಮಾರಿಹೋದವನು ಅಂತ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿತು ಅನ್ನಿ, ಅದನ್ನು ಕಿಟಕಿಯಿಂದ ಆಚೆ ನೆರೆಮನೆಯವಳ ಕೈಗೆ ಕೊಟ್ಟು, ಅವಳಿಂದ ಐದು ಮೊಟ್ಟೆಯನ್ನೋ ಬೊಗಸೆ ಗೋಧಿಯನ್ನೋ ಇಸಿದುಕೊಂಡು ಮಾರಿಬಿಡುತ್ತಿದ್ದರು. ಆಮೇಲೆ ಸಾವು ಬಂದು ಬಾಗಿಲು ತಟ್ಟಿದರೆ "ಈ ಮನೇಲಿ ನಮ್ಮದು ಅನ್ನೋ ಮಗು ಯಾವುದೂ ಇಲ್ಲಪ್ಪ" ಎಂದು ಧೈರ್ಯವಾಗಿ ಹೇಳಬಹುದು. ಮಗುವೇನೋ ಹೆತ್ತವಳ ಮಡಿಲಲ್ಲೇ ಬೆಳೆಯುತ್ತದೆ. ಏಳು ವರ್ಷ ತುಂಬಿದ ಮೇಲೆ, ಏನು ಕೊಟ್ಟು ಕೊಂಡಿದ್ದರೋ ಅದನ್ನೇ ಹಿಂದಿರುಗಿಸಿ ಮಗುವನ್ನು ಬಿಡಿಸಿಕೊಳ್ಳಬೇಕು.

ಊರಿಗೂ ಆ ಹೆಸರು ಬಂದದ್ದು ಹಾಗೆಯೇ. ಮುನ್ನೂರು ವರ್ಷದ ಹಿಂದೆ ಮೊಟ್ಟಮೊದಲ ಸಾತಿಲ್ಮಿಶ್‌ನನ್ನು ಅವನ ತಾಯಿ ಒಂದು ಕುಂಟು ಕತ್ತೆಗೆ ಮಾರಿದ್ದಳಂತೆ. ಅವನು ನೂರಾ ಹನ್ನೆರಡು ವರ್ಷ ಬದುಕಿ, ನಾಲ್ಕು ಸಲ ಹಲ್ಲು ಹುಟ್ಟಿಸಿಕೊಂಡು, ಈ ಬೋಳು ಗುಡ್ಡದ ಬುಡದಲ್ಲಿ ಊರು ಕಟ್ಟಿದ. ಅವನ ತಾಯಿ ಮಾತ್ರ ಕತ್ತೆಯ ಜೊತೆ ಜೀನನ್ನೂ ಕೇಳಬೇಕಿತ್ತು ಎಂದು ಕೊನೆಯ ಉಸಿರಿನ ತನಕ ಪೇಚಾಡಿದಳು. ಅದೇ ಸೀಮೆಯಲ್ಲಿ ಸಾತಿಲ್ಮಿಶ್ ಎನ್ನುವ ಊರುಗಳು ಇನ್ನೂ ಎರಡಿದ್ದವು. ಒಮ್ಮೆ ಒಂದು ಮದುವೆಯ ಕರೆಯೋಲೆ ಮೂರೂ ಊರು ಅಲೆದು ಬಂದು ಸೇರುವ ಹೊತ್ತಿಗೆ ಆ ಮದುಮಕ್ಕಳ ಮಗನ ಸುನ್ನತಿ ಊಟವನ್ನೂ ಇವರು ಉಂಡು ಬಂದಾಗಿತ್ತು.

ಈ ಕತೆ ಹದಿನೇಳು ಜನರಲ್ಲಿ ಕಲಾಯಿ ಸಾತಿಲ್ಮಿಶ್‌ನದು. ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವನ ಕಸುಬು. ಕಲಾಯಿಗೆ ಮುಂಚೆ ಪಾತ್ರೆಯೊಳಗೆ ಮರಳು ಸುರಿದು, ಬರಿಗಾಲಲ್ಲಿ ಅದರೊಳಗೆ ನಿಂತು, ಗೋಡೆಗೆ ಕಟ್ಟಿದ ಹಗ್ಗ ಹಿಡಿದುಕೊಂಡು ಸೊಂಟವನ್ನು ಎಡಕ್ಕೂ ಬಲಕ್ಕೂ ತಿರುಚುತ್ತ ಉಜ್ಜಬೇಕು. ಇಪ್ಪತ್ತು ವರ್ಷ ಹಾಗೆ ತಿರುಚಿ ತಿರುಚಿ ಅವನಿಗೆ ನೆಟ್ಟಗೆ ನಿಲ್ಲುವುದೇ ಮರೆತುಹೋಗಿತ್ತು. ಮಸೀದಿಯ ಮುಂದೆ ಸಾಲಿನಲ್ಲಿ ನಿಂತರೂ ಸೊಂಟ ತಾನಾಗಿ ಒಂದು ಸುತ್ತು ಹಾಕಿಬಿಡುತ್ತಿತ್ತು. ಪಕ್ಕದವರು ಅಷ್ಟು ಜಾಗ ಬಿಟ್ಟೇ ನಿಲ್ಲುತ್ತಿದ್ದರು.

ಸೈನ್ಯಕ್ಕೆ ಸೇರಿದ ದಿನ ಹವಾಲ್ದಾರ ಅವನನ್ನು ನಿಲ್ಲಿಸಿ ಕೇಳಿದ್ದನಂತೆ:

"ಹೆಸರು?"

"ಸಾತಿಲ್ಮಿಶ್."

"ಊರು?"

"ಸಾತಿಲ್ಮಿಶ್."

"ಅಪ್ಪನ ಹೆಸರು?"

"ಸಾತಿಲ್ಮಿಶ್."

"ನಿಮ್ಮ ಕಡೆ ಇನ್ನೂ ಮಾರದೆ ಉಳಿದಿರೋದು ಏನಾದ್ರೂ ಇದ್ಯೇನೋ?"

"ಒಂದು ಹೆಣ್ಣು ಕತ್ತೆ ಇದೆ ಸಾರ್. ಒದೆಯುತ್ತೆ, ಅದಕ್ಕೇ ಗಿರಾಕಿ ಬಂದಿಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಊರಿನ ಉಳಿದ ಹದಿನಾರು ಜನ ಏಳು ವರ್ಷಕ್ಕೆ ಸರಿಯಾಗಿ ಬಿಡುಗಡೆಯಾಗಿದ್ದರು. ಕಲಾಯಿ ಸಾತಿಲ್ಮಿಶ್ ಮಾತ್ರ ಮೂವತ್ತಾರು ವರ್ಷವಾದರೂ ಮಾರಿದವನು ಮಾರಿದ ಹಾಗೇ ಉಳಿದಿದ್ದ.

ಅದಕ್ಕೆ ಕಾರಣ ಒಂದು ಕೊಪ್ಪರಿಗೆ. ಅವನು ಹುಟ್ಟಿದ ಏಳನೇ ದಿನ ಅವನ ಹೆತ್ತತಾಯಿ ಹನೀಫೆ ಕಿಟಕಿಯಿಂದ ಅವನನ್ನು ಚಾಚಿದಾಗ, ಕೆಳಗೆ ನಿಂತಿದ್ದವಳು ನೆರೆಮನೆಯ ಜೆಮಿಲೆ. ಜೆಮಿಲೆಗೆ ಒಂಬತ್ತು ಮಕ್ಕಳು, ಒಂಬತ್ತೂ ಗುಂಡುಕಲ್ಲಿನ ಹಾಗಿದ್ದವು. ಸಾವು ಅವಳ ಮನೆ ಮುಂದೆ ಹಾಯಬೇಕಾದರೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೋಗುತ್ತದೆ ಎಂದು ಊರವರು ಹೇಳುತ್ತಿದ್ದರು. ಅವಳು ಬಟ್ಟೆ ಒಗೆಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು, ಮೊಟ್ಟೆ ತರುವುದು ಮರೆತಿದ್ದಳು. ಕೈಗೆ ಸಿಕ್ಕಿದ್ದು ಬಟ್ಟೆ ಕುದಿಸುವ ತಾಮ್ರದ ಕೊಪ್ಪರಿಗೆ. ಅದನ್ನೇ ಉರುಳಿಸಿಕೊಂಡು ಬಂದು ಕೊಟ್ಟಳು. ಸಣ್ಣ ಕೊಪ್ಪರಿಗೆಯಲ್ಲ ಅದು. ಒಂದು ವರ್ಷ ಮದುವೆ ಅಡುಗೆಯ ಹೊತ್ತಿಗೆ ಅದರೊಳಗೆ ಕುರಿಮರಿಯೊಂದು ಇಳಿದು, ಹುಡುಕಿ ತೆಗೆಯುವಷ್ಟರಲ್ಲಿ ಅದಕ್ಕೆ ಕೋಡು ಬಂದಿತ್ತು.

ಏಳು ವರ್ಷ ತುಂಬಿದ ದಿನ ಹನೀಫೆ ಕೊಪ್ಪರಿಗೆಯನ್ನು ತಿಕ್ಕಿ ತೊಳೆದು ಜೆಮಿಲೆಯ ಬಾಗಿಲಿಗೆ ಉರುಳಿಸಿದಳು. ಜೆಮಿಲೆ ಒಳಗೆ ಇಣುಕಿ ನೋಡಿದಳು.

"ಏನಮ್ಮ ಹನೀಫೆ, ಪಾತ್ರೆ ಖಾಲಿ ಇದೆ."

"ನೀನು ಕೊಟ್ಟಾಗ್ಲೂ ಖಾಲಿನೇ ಇತ್ತಲ್ಲೇ."

"ಕೊಟ್ಟಿದ್ದು ಬೇರೆ, ವಾಪಸ್ ತರೋದು ಬೇರೆ. ಒಂದು ಬಟ್ಟಲು ಇಸ್ಕೊಂಡು ಹೋದ್ರೂ ನಾಲ್ಕು ದ್ರಾಕ್ಷಿ ಹಾಕಿ ವಾಪಸ್ ಕೊಡಲ್ವೇನೆ ಜನ? ಖಾಲಿ ಪಾತ್ರೆ ನಾನು ಮನೆಯೊಳಗೆ ಸೇರಿಸಲ್ಲ. ತುಂಬಿಸ್ಕೊಂಡು ಬಾ."

ಆ ಕೊಪ್ಪರಿಗೆ ತುಂಬಿಸಬೇಕೆಂದರೆ ಎರಡು ಗಾಡಿ ಗೋಧಿ ನುಚ್ಚು ಬೇಕು. ಹನೀಫೆಯ ಗಂಡ ಆಗ ಬದುಕಿದ್ದ, ಮೂಗಿನ ತುದಿಯಲ್ಲೇ ಕೋಪ. "ಅವಳಿಗೂ ಬೇಡ, ನಮಗೂ ಬೇಡ" ಎಂದು ಕೊಪ್ಪರಿಗೆಯನ್ನು ಹೊತ್ತುಕೊಂಡು ಹೋಗಿ, ಎರಡೂ ಮನೆಗಳ ನಡುವೆ ಪಾಳು ಬಿದ್ದಿದ್ದ ರೊಟ್ಟಿ ಒಲೆಯ ಚಿಮಣಿಯ ತಲೆಯ ಮೇಲೆ ಇಟ್ಟು ಏಣಿಯನ್ನು ಮುರಿದುಹಾಕಿದ. ಮುಂದಿನ ವಸಂತದಲ್ಲಿ ಒಂದು ಜೋಡಿ ಕೊಕ್ಕರೆ ಬಂದು, ನಾಲ್ಕು ಸುತ್ತು ಹಾಕಿ, ಇಷ್ಟು ಒಳ್ಳೆಯ ಮನೆ ಬೇರೆಲ್ಲೂ ಸಿಗದು ಎಂದು ಕೊಪ್ಪರಿಗೆಯೊಳಗೆ ಸಂಸಾರ ಹೂಡಿತು. ಅಲ್ಲಿಂದ ಇಪ್ಪತ್ತೊಂಬತ್ತು ವರ್ಷ ಇಬ್ಬರು ಹೆಂಗಸರೂ ಚಿಮಣಿಯ ಆಚೀಚೆ ನಿಂತು ಜಗಳವಾಡಿದರು. ಮೇಲಿಂದ ಕೊಕ್ಕರೆಗಳು ಟಕಟಕ ಎಂದು ಕೊಕ್ಕು ಕುಟ್ಟಿ ತಾಳ ಹಾಕಿದವು.

ಸಾತಿಲ್ಮಿಶ್‌ಗೆ ಇದರಿಂದ ತೊಂದರೆಯೇನೂ ಆಗಿರಲಿಲ್ಲ. ಇಬ್ಬರು ತಾಯಂದಿರು, ಎರಡು ಮನೆ ಊಟ. ಹಬ್ಬದ ದಿನ ಎರಡು ಜೊತೆ ಕಾಲುಚೀಲ. ತೊಂದರೆ ಶುರುವಾದದ್ದು ಗುಲಿಜಾರ್ ಒಂದು ಕಾಫಿ ಕುಡಿಕೆ ಹಿಡಿದುಕೊಂಡು ಅವನ ಅಂಗಡಿಗೆ ಬಂದ ಮೇಲೆ.

ಗುಲಿಜಾರ್ ಗಿರಣಿ ಹಮ್ದಿಯ ಮಗಳು. ಮೂವತ್ತು ದಾಟಿತ್ತು, ಮಾತು ಚುರುಕು. ತಾಮ್ರದ ಕುಡಿಕೆಗೆ ವರ್ಷಕ್ಕೊಂದು ಸಲ ಕಲಾಯಿ ಹಾಕಿಸಿದರೆ ಧಾರಾಳವಾಯಿತು. ಅವಳು ಆ ವರ್ಷ ಏಳು ಸಲ ತಂದಳು. ಏಳನೇ ಸಲ ಸಾತಿಲ್ಮಿಶ್ ಕುಡಿಕೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಗುಲಿಜಾರ್, ಇದಕ್ಕೆ ಇನ್ನೊಂದು ಸಲ ತವರ ಬಳಿದ್ರೆ ಒಳಗೆ ಕಾಫಿಗೆ ಜಾಗ ಇರಲ್ಲ."

"ಹಾಗಾದ್ರೆ ನಮ್ಮಪ್ಪನ್ನ ಬಂದು ಕೇಳು. ನನಗೂ ಓಡಾಡಿ ಓಡಾಡಿ ಚಪ್ಪಲಿ ಸವೀತು."

ಅವನ ಸೊಂಟ ಮೂರು ಸುತ್ತು ಹಾಕಿತು.

ಹೆಣ್ಣು ಕೇಳಲು ಹೋಗುವುದು ಸೋಮವಾರ ಎಂದಾಯಿತು. ಹನೀಫೆ ಲೋಕುಮ್ ಮಿಠಾಯಿಯ ಡಬ್ಬಿ ಹಿಡಿದು ಹೊರಟಳು. ಗಿರಣಿಯ ತಿರುವಿಗೆ ಬಂದರೆ, ಅಲ್ಲಿ ಜೆಮಿಲೆ ಇನ್ನೂ ದೊಡ್ಡ ಡಬ್ಬಿ ಹಿಡಿದು ನಿಂತಿದ್ದಾಳೆ.

"ನೀನೆಲ್ಲಿಗೆ?" ಎಂದಳು ಹನೀಫೆ.

"ನನ್ನ ಮಗನಿಗೆ ಹೆಣ್ಣು ಕೇಳೋಕೆ. ನೀನು?"

ಹಮ್ದಿಯ ಮನೆಯ ದಿವಾನದ ಮೇಲೆ ಇಬ್ಬರೂ ಸಾತಿಲ್ಮಿಶ್‌ನ ಎರಡು ಪಕ್ಕ ಕೂತರು. ಹವಾ, ಮಳೆ, ಕುರಿಗಳ ಆರೋಗ್ಯ ಎಲ್ಲ ಮುಗಿದು, ಕೇಳುವ ಹೊತ್ತು ಬಂತು. ಕೇಳುವ ಮಾತು ಯಾವ ಊರಲ್ಲೂ ಒಂದೇ; ಹುಡುಗನ ಕಡೆಯ ಹಿರಿಯರು ಒಬ್ಬರು ಹೇಳಬೇಕು. ಹನೀಫೆ ಗಂಟಲು ಸರಿಮಾಡಿಕೊಂಡು "ಅಲ್ಲಾನ ಆಜ್ಞೆಯಂತೆ" ಎಂದಳು. ಅಷ್ಟರಲ್ಲಿ ಜೆಮಿಲೆ "ಪ್ರವಾದಿಯವರ ಮಾತಿನಂತೆ" ಎನ್ನುವಲ್ಲಿಗೆ ತಲುಪಿಬಿಟ್ಟಿದ್ದಳು. ಹನೀಫೆ ಮಾತಿನಲ್ಲೇ ಓಡಿ ಅವಳನ್ನು ಹಿಡಿಯಲು ನೋಡಿದಳು. "ನಿಮ್ಮ ಮಗಳನ್ನ" ಎನ್ನುವ ಹೊತ್ತಿಗೆ ಇಬ್ಬರೂ ಜೋಡಿ, "ನಮ್ಮ ಮಗನಿಗೆ" ಎನ್ನುವ ಹೊತ್ತಿಗೆ ಇಬ್ಬರ ಕೈಯೂ ಒಬ್ಬರ ಬಾಯಿ ಮೇಲೊಬ್ಬರದು.

ಅದೇ ಹೊತ್ತಿಗೆ ಗುಲಿಜಾರ್ ಕಾಫಿ ತಂದಳು. ಹುಡುಗನ ತಾಳ್ಮೆ ನೋಡಲು ಅವನ ಬಟ್ಟಲಿಗೆ ಉಪ್ಪು ಹಾಕುವುದು ರೂಢಿ. ಗುಲಿಜಾರ್ ಕೈ ಬಿಚ್ಚಿ ಹಾಕಿದ್ದಳು.

"ನನ್ನ ಮಗನ ಕಾಫಿ ನಾನು ಮೊದಲು ರುಚಿ ನೋಡ್ಬೇಕು" ಎಂದು ಜೆಮಿಲೆ ಬಟ್ಟಲು ಕಿತ್ತುಕೊಂಡಳು.

"ಹೆತ್ತವಳು ನಾನು" ಎಂದು ಹನೀಫೆ ಅವಳ ಕೈಯಿಂದ ಎಳೆದಳು.

ಒಬ್ಬೊಬ್ಬರೂ ಒಂದೊಂದು ಗುಟುಕು ಕುಡಿದರು. ಇಬ್ಬರ ಕಣ್ಣಲ್ಲೂ ನೀರು.

ಹಮ್ದಿ ಮೀಸೆಯ ಮೇಲಿನ ಹಿಟ್ಟು ಒರೆಸಿಕೊಂಡ. "ನೋಡಿ ಅಕ್ಕಂದಿರಾ, ನನ್ನ ಮಗಳಿಗೆ ಒಬ್ಬ ಅತ್ತೆ ಸಾಕು. ಒಬ್ಬಳನ್ನೇ ತಡ್ಕೊಳ್ಳೋದು ಕಷ್ಟ, ನಮ್ಮಮ್ಮನ್ನ ನೀವೂ ನೋಡಿದ್ದೀರಿ. ಇವನು ಯಾರ ಮಗ ಅಂತ ತೀರ್ಮಾನ ಮಾಡ್ಕೊಂಡು ಶುಕ್ರವಾರ ನಮಾಜು ಮುಗಿದ ಮೇಲೆ ಒಬ್ಬರೇ ಬನ್ನಿ. ಆಗ್ಲಿಲ್ವಾ, ಭಾನುವಾರ ಸಕ್ಕರೆ ಕಾರ್ಖಾನೆ ಗುಮಾಸ್ತನ ಕಡೆಯೋರು ಬರ್ತಾರೆ. ಅವನಿಗೆ ಒಬ್ಬಳೇ ತಾಯಿ. ಅವಳಿಗೂ ಕಿವಿ ಕೇಳ್ಸಲ್ಲ."

ಹೊರಗೆ ಬಂದ ಮೇಲೆ ಹನೀಫೆ ಮಗನ ತೋಳು ಹಿಡಿದು, "ಬಿಟ್ಟುಕೊಡೇ ಜೆಮಿಲೆ. ನಿನಗೆ ಒಂಬತ್ತಿವೆ" ಎಂದಳು.

"ಒಂಬತ್ತೂ ಊರು ಬಿಟ್ಟು ಹೋದ್ವಲ್ಲೇ. ನನ್ನ ಪಾತ್ರೆಗೆ ಕಲಾಯಿ ಹಾಕೋದು ಇವನೊಬ್ಬನೇ" ಎಂದಳು ಜೆಮಿಲೆ. ದನಿ ಒಂದು ಚಣ ಮೆತ್ತಗಾಗಿತ್ತು. ತಕ್ಷಣ ಸೆಟೆದುಕೊಂಡಳು. "ನನ್ನ ಕೊಪ್ಪರಿಗೆ, ತುಂಬಿದ್ದು. ಅಷ್ಟೆ."

ಮಂಗಳವಾರ ಸಾತಿಲ್ಮಿಶ್ ಹೊಸ ಏಣಿ ತಂದು ಚಿಮಣಿಗೆ ಒರಗಿಸಿದ. ನುಚ್ಚಿನ ಮಾತು ಆಮೇಲೆ, ಮೊದಲು ಕೊಪ್ಪರಿಗೆ ಇಳಿಯಲಿ ಎಂಬ ಲೆಕ್ಕ. ಜೂನ್ ತಿಂಗಳು, ಮೇಲೆ ಮರಿಗಳಿವೆ ಎನ್ನುವುದು ಅವನಿಗೆ ನೆನಪಾದದ್ದು ತಲೆ ಕೊಪ್ಪರಿಗೆಯ ಅಂಚಿಗೆ ಬಂದಾಗ. ಕೊಕ್ಕರೆ ಅವನನ್ನು ಒಂದು ಕಣ್ಣಿನಿಂದ ನೋಡಿತು, ಆಮೇಲೆ ಇನ್ನೊಂದರಿಂದ ನೋಡಿತು, ಆಮೇಲೆ ಅವನ ಟೋಪಿಯ ನಟ್ಟನಡುವೆ ಒಂದು ಕೊಟ್ಟಿತು. ಅವನು ಹೆದರಿಕೆಗೆ ಸೊಂಟ ತಿರುಚಿದ. ಏಣಿಯೂ ತಿರುಚಿತು. ಬಿದ್ದದ್ದು ಮುಖ್ತಾರ ರಿಫಾತನ ಹುಲ್ಲಿನ ಬಣವೆಯ ಮೇಲೆ.

ರಿಫಾತ್ ಊರಿನ ಮುಖ್ಯಸ್ಥ. ಊರಿನ ಮುದ್ರೆಯನ್ನು ಸದಾ ಜೇಬಿನಲ್ಲಿಟ್ಟುಕೊಂಡು, ಮಾತಾಡುವಾಗ ಅದನ್ನು ತಟ್ಟಿ ನೋಡಿಕೊಳ್ಳುವವನು.

"ತಲೆ ಕೆಟ್ಟಿದ್ಯೇನೋ ನಿನಗೆ?" ಎಂದ. "ಮರಿ ಇರೋ ಗೂಡು ಮುಟ್ತಾರೇನೋ? ಹಾಜಿಯವರು ಅವರು. ವರ್ಷ ವರ್ಷ ಮೆಕ್ಕಾ ಕಡೆ ಹೋಗಿ ಬರೋರು. ನೀನು ಯೋಜ್‌ಗಾತ್ ಪೇಟೆ ದಾಟಿಲ್ಲ."

"ಯಾವಾಗ ಇಳಿಸಬಹುದು ರಿಫಾತ್ ಮಾಮ?"

"ಆಗಸ್ಟ್‌ನಲ್ಲಿ, ಅವರಾಗಿ ಹೊರಟ ಮೇಲೆ."

"ನನಗೆ ಶುಕ್ರವಾರಕ್ಕೆ ಬೇಕಲ್ಲ."

"ಹಾಗಂತ ಹಾಜಿಗೆ ಹೇಳು" ಎಂದು ರಿಫಾತ್ ಮುದ್ರೆ ತಟ್ಟಿಕೊಂಡು ಹೊರಟುಹೋದ.

ಬುಧವಾರವಿಡೀ ಸಾತಿಲ್ಮಿಶ್ ಅಂಗಡಿಯಲ್ಲಿ ಒಂದೇ ತಟ್ಟೆಗೆ ಕಲಾಯಿ ಹಾಕುತ್ತ ಕೂತ. ತಿದಿ ಒತ್ತುವುದು, ನವಸಾಗರ ಉದುರಿಸುವುದು, ಒರೆಸುವುದು, ಮತ್ತೆ ತಿದಿ. ತಟ್ಟೆ ಕನ್ನಡಿಯಾಯಿತು. ಅದರಲ್ಲಿ ತನ್ನ ಮುಖ ನೋಡಿ, ಗುಮಾಸ್ತನ ಮುಖ ಇದಕ್ಕಿಂತ ಚೆನ್ನಾಗಿರಬಹುದು ಎಂದುಕೊಂಡ. ಹೊತ್ತು ಇಳಿಯುವ ಮುಂಚೆ ಬಾಗಿಲಲ್ಲಿ ಗುಲಿಜಾರ್ ಕಂಡಳು, ಕೈಯಲ್ಲಿ ಕುಡಿಕೆ.

"ಎಂಟನೇ ಸಲನಾ?" ಎಂದ ಅವನು.

"ಇಲ್ಲ, ಇದು ನೆಪ. ಏನಂತೆ ಜೆಮಿಲೆ ದೊಡ್ಡಮ್ಮನ ಪಟ್ಟು?"

"ಕೊಪ್ಪರಿಗೆ ತುಂಬಿಸಿ ಕೊಡ್ಬೇಕಂತೆ."

"ಏನು ತುಂಬಿಸಿ?"

ಸಾತಿಲ್ಮಿಶ್ ತಟ್ಟೆ ಕೆಳಗಿಟ್ಟ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಏನು ಅಂತ ಹೇಳಿಲ್ಲ. ತುಂಬಿರ್ಬೇಕು ಅಂದ್ರು, ಅಷ್ಟೆ."

"ಈಗೇನು ಅದು ಖಾಲಿ ಇದ್ಯಾ?"

ಗುರುವಾರ ಮಧ್ಯಾಹ್ನ ಇಡೀ ಊರು ಚಿಮಣಿಯ ಸುತ್ತ ನೆರೆಯಿತು. ಹದಿನಾರು ಸಾತಿಲ್ಮಿಶ್‌ಗಳೂ ಬಂದರು, ನಾಯಿಯೂ ಬಂತು. ಹನೀಫೆ ಒಂದು ಕಡೆ, ಜೆಮಿಲೆ ಒಂದು ಕಡೆ. ಗುಲಿಜಾರ್ ನಡುವೆ ನಿಂತು ಕೈ ಮೇಲೆತ್ತಿ ತೋರಿಸಿದಳು.

"ದೊಡ್ಡಮ್ಮ, ಕೊಪ್ಪರಿಗೆ ಯಾರದು?"

"ನಂದೇ."

"ತುಂಬಿರ್ಬೇಕು ಅಂದ್ರಿ. ನೋಡಿ."

ಕೊಪ್ಪರಿಗೆಯ ಅಂಚಿನಿಂದ ಒಂದು ಮರಿಯ ತಲೆ ಎದ್ದಿತು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು, ಸ್ವಲ್ಪ ನಿದ್ದೆಗಣ್ಣಿನಲ್ಲಿ. ಅಷ್ಟರಲ್ಲಿ ದೊಡ್ಡ ಕೊಕ್ಕರೆ ಕೆರೆಯ ಕಡೆಯಿಂದ ಹಾರಿ ಬಂದು, ಒಂದು ದಪ್ಪ ಕಪ್ಪೆಯನ್ನು ಒಳಗೆ ಹಾಕಿತು.

"ಕೊಸರೂ ಬಿತ್ತು" ಎಂದ ಹಿಂದಿನಿಂದ ಒಬ್ಬ ಸಾತಿಲ್ಮಿಶ್.

ಜೆಮಿಲೆ ನಕ್ಕುಬಿಡುತ್ತಿದ್ದಳು, ತುಟಿ ಕಚ್ಚಿಕೊಂಡಳು. ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿದಳು. "ಅಂದ್ರೆ... ಕೊಪ್ಪರಿಗೆ ನಂದಾದ್ರೆ ಹಾಜಿಯೂ ನಮ್ಮನೆಯೋನೇ ಆಗ್ತಾನಾ?"

"ಮತ್ತೆ? ಮನೆ ಯಾರದೋ ಬಾಡಿಗೆಯವರೂ ಅವರ ಕಡೆಯೋರೇ" ಎಂದಳು ಗುಲಿಜಾರ್.

ಕೊಕ್ಕರೆ ಕೂತ ಮನೆಗೆ ಬರುವ ಹೆಸರು ಸಾಮಾನ್ಯವಲ್ಲ. ಹಾಜಿಯ ಮನೆ ಎನ್ನುತ್ತಾರೆ, ಮದುವೆ ದಿಬ್ಬಣಗಳು ಅದರ ಮುಂದೆ ನಿಂತು ಹೋಗುತ್ತವೆ. ಜೆಮಿಲೆ ಲಂಗದ ಮಡಿಕೆ ಸರಿಮಾಡಿಕೊಂಡು, "ಹಾಗಾದ್ರೆ ನನಗೆ ಒಪ್ಪಿಗೆ" ಎಂದಳು.

"ನನಗೆ ಒಪ್ಪಿಗೆ ಇಲ್ಲ" ಎಂದಳು ಹನೀಫೆ.

ಊರೇ ಅವಳ ಕಡೆ ತಿರುಗಿತು.

"ಕೊಪ್ಪರಿಗೆ ಬೇಕಾದ್ರೆ ತಗೊಳ್ಳಲಿ. ಹಾಜಿಯನ್ನ ಯಾಕೆ ಕೊಡ್ಲಿ? ಇಷ್ಟು ವರ್ಷ ನಮ್ಮಂಗಳದ ಕಪ್ಪೆನೇ ತಿಂದಿದ್ದು ಅದು."

"ಅಮ್ಮ" ಎಂದ ಸಾತಿಲ್ಮಿಶ್. "ನಾನು ಬೇಕೋ ಕೊಕ್ಕರೆ ಬೇಕೋ?"

ಹನೀಫೆ ಮೇಲೆ ನೋಡಿದಳು. ಮಗನನ್ನು ನೋಡಿದಳು. ಮತ್ತೆ ಮೇಲೆ ನೋಡಿದಳು. ತಾಯಿಯಾದವಳು ತೆಗೆದುಕೊಳ್ಳಬಾರದಷ್ಟು ಹೊತ್ತು ತೆಗೆದುಕೊಂಡಳು. ಸಾತಿಲ್ಮಿಶ್‌ನ ಸೊಂಟ ಒಂದು ಸುತ್ತು ಹಾಕಿತು, ಎರಡು ಹಾಕಿತು.

"ಸರಿ, ನೀನೇ" ಎಂದಳು ಕೊನೆಗೆ. "ಆದ್ರೆ ಸೊಂಟ ನೆಟ್ಟಗಿಟ್ಕೋ."

ರಿಫಾತ್ ಜೇಬಿನಿಂದ ಕಾಗದ ತೆಗೆದು, ಹನೀಫೆಯ ಮಗ ಈ ದಿನದಿಂದ ಬಿಡುಗಡೆಯಾದನೆಂದೂ ಇನ್ನು ಮುಂದೆ ಅವನು ಮಾರಿಹೋದವನಲ್ಲವೆಂದೂ ಬರೆದು, ಕೆಳಗೆ ಊರಿನ ಮುದ್ರೆಯನ್ನು ಜೋರಾಗಿ ಒತ್ತಿದ. ಮುದ್ರೆಯಲ್ಲಿ ಇದ್ದದ್ದು ಊರಿನ ಹೆಸರು. ಓದಿ ನೋಡಿದ ಸಾತಿಲ್ಮಿಶ್ ಕಾಗದ ಮಡಿಸಿ ಟೋಪಿಯೊಳಗೆ ಇಟ್ಟುಕೊಂಡ.

ಶುಕ್ರವಾರ ನಮಾಜು ಮುಗಿಯಿತು. ಹನೀಫೆ ಒಬ್ಬಳೇ, ಹೊಸ ತಲೆವಸ್ತ್ರ ಕಟ್ಟಿಕೊಂಡು, ಮಗನನ್ನು ಮುಂದಿಟ್ಟುಕೊಂಡು ಹೋದಳು. ಹಮ್ದಿಯ ದಿವಾನದ ಮೇಲೆ ಪೂರ್ತಿ ಜಾಗ ಹರಡಿ ಕೂತಳು. ಹವಾ ಆಯಿತು, ಮಳೆ ಆಯಿತು, ಕುರಿಗಳ ಆರೋಗ್ಯವಾಯಿತು. ಹಮ್ದಿ ಕೈಕಟ್ಟಿ ಕಾದ. ಹನೀಫೆ ಗಂಟಲು ಸರಿಮಾಡಿಕೊಂಡಳು.

"ಅಲ್ಲಾನ ಆಜ್ಞೆಯಂತೆ" ಎಂದಳು.

ಅಲ್ಲಿಗೆ ನಿಂತಿತು. ಮುಂದಿನದು ಬರಲಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಅವಳು ಬಾಯಿ ತೆರೆದರೆ ಎದುರಿನಿಂದ ಜೆಮಿಲೆ ಅರ್ಧ ಮಾತನ್ನು ಕಿತ್ತುಕೊಳ್ಳುತ್ತಿದ್ದಳು; ಪೂರ್ತಿ ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ಅವಳು ಛಾವಣಿ ನೋಡಿದಳು, ಜಮಖಾನ ನೋಡಿದಳು. ಹಣೆಯಲ್ಲಿ ಬೆವರು ಮೂಡಿತು. ಬಾಗಿಲ ಮರೆಯಿಂದ ಗುಲಿಜಾರ್ ಕಾಫಿ ಬಟ್ಟಲುಗಳನ್ನು ಹಿಡಿದುಕೊಂಡೇ ಇಣುಕಿದಳು.

"ಏನಕ್ಕ, ಮುಂದೆ?" ಎಂದ ಹಮ್ದಿ. "ಭಾನುವಾರದೋರಿಗೆ ಬರೋಕೆ ಹೇಳ್ಲಾ?"

ಆಗ ತೆರೆದಿದ್ದ ಕಿಟಕಿಯ ಕೆಳಗಿನಿಂದ ಒಂದು ದನಿ ಬಂತು. "ಪ್ರವಾದಿಯವರ ಮಾತಿನಂತೆ."

"ಪ್ರವಾದಿಯವರ ಮಾತಿನಂತೆ" ಎಂದಳು ಹನೀಫೆ, ಉಸಿರು ಬಿಟ್ಟು.

"ನಿಮ್ಮ ಮಗಳು ಗುಲಿಜಾರ್‌ನ" ಎಂದಿತು ಕಿಟಕಿ.

"ನಿಮ್ಮ ಮಗಳು ಗುಲಿಜಾರ್‌ನ ನನ್ನ ಮಗ ಸಾತಿಲ್ಮಿಶ್‌ಗೆ ಕೇಳ್ತಾ ಇದ್ದೀವಿ."

ಹಮ್ದಿ ಎದ್ದು ಕಿಟಕಿಯ ಕಡೆ ಹೆಜ್ಜೆ ಇಟ್ಟ. "ಯಾರದು ಕೆಳಗೆ?"

"ಯಾರೂ ಇಲ್ಲಪ್ಪ. ದಾರಿಹೋಕಳು" ಎಂದಿತು ಕಿಟಕಿ. "ಚಪ್ಪಲಿಗೆ ಕಲ್ಲು ಸಿಕ್ಕಿತ್ತು, ತೆಗೀತಾ ಇದ್ದೆ."

ಹಮ್ದಿ ಹನೀಫೆಯನ್ನು ನೋಡಿದ. ಹನೀಫೆ ಜಮಖಾನ ನೋಡುತ್ತಿದ್ದಳು. ಅವನು ಒಬ್ಬಳೇ ಬರಬೇಕೆಂದಿದ್ದ; ಒಳಗೆ ಒಬ್ಬಳೇ ಇದ್ದಳು. ಅವನು ಮೀಸೆ ನೀವಿಕೊಂಡ. "ಕೊಟ್ಟೆ" ಎಂದ. "ಆ ದಾರಿಹೋಕಳಿಗೂ ಒಂದು ಕಾಫಿ ಕೊಡಮ್ಮ, ಪಾಪ, ಬಿಸಿಲು."

ಗುಲಿಜಾರ್ ಸಾತಿಲ್ಮಿಶ್‌ಗೆ ಉಪ್ಪಿನ ಕಾಫಿ ಕೊಟ್ಟಳು. ಈ ಸಲ ಯಾರೂ ಕಿತ್ತುಕೊಳ್ಳಲಿಲ್ಲ. ಅವನು ತಳದ ಗಷ್ಟಿನವರೆಗೆ ಕುಡಿದು, ಸಕ್ಕರೆ ಸ್ವಲ್ಪ ಮುಂದಾಯಿತು ಎಂದ. ಇನ್ನೊಂದು ಬಟ್ಟಲನ್ನು ಅವಳು ಕಿಟಕಿಯಿಂದ ಕೆಳಗೆ ಚಾಚಿದಳು. ಎರಡು ಕೈಗಳು ಮೇಲೆ ಬಂದು ಅದನ್ನು ಇಸಿದುಕೊಂಡವು.

ಆಗಸ್ಟ್‌ನಲ್ಲಿ ಹಾಜಿಯವರು ಹೊರಟರು. ಹದಿನಾರು ಜನ ಸೇರಿ ಕೊಪ್ಪರಿಗೆ ಇಳಿಸಿದರು. ಸಾತಿಲ್ಮಿಶ್ ಅದರೊಳಗೆ ಮೂರು ದಿನ ನಿಂತು ಸೊಂಟ ತಿರುಚಿದ. ಮೊದಲ ದಿನ ಬರೀ ಮೀನಿನ ಮುಳ್ಳು ಬಂತು, ಎರಡನೇ ದಿನ ಇಪ್ಪತ್ತೊಂಬತ್ತು ವರ್ಷದ ಹಿಂದೆ ಕಳೆದುಹೋದ ಅವನಪ್ಪನ ಹೊಗೆಸೊಪ್ಪಿನ ಡಬ್ಬಿ ಬಂತು, ಮೂರನೇ ದಿನ ತಾಮ್ರ ಕಂಡಿತು. ಮದುವೆಯ ಊಟದ ಕೆಶ್ಕೆಕ್ ಎನ್ನುವ ಗಂಜಿಗೆ ಗೋಧಿ, ಮಾಂಸ ಕುದಿದದ್ದು ಅದರಲ್ಲೇ. ಕುಟ್ಟುವ ಕೊಡತಿಯನ್ನು ಒಂದು ಕಡೆಯಿಂದ ಹನೀಫೆ ಹಿಡಿದಳು, ಇನ್ನೊಂದು ಕಡೆಯಿಂದ ಜೆಮಿಲೆ ಹಿಡಿದಳು. ಉಪ್ಪು ಹೆಚ್ಚಾಯಿತೆಂದು ಅವಳು, ಕಡಿಮೆಯಾಯಿತೆಂದು ಇವಳು.

ಮದುವೆ ಮುಗಿದ ಮೇಲೆ ಜೆಮಿಲೆ ಕೊಪ್ಪರಿಗೆಯನ್ನು ಮನೆಗೆ ಉರುಳಿಸಿಕೊಂಡು ಹೋಗಿ ಚಳಿಗಾಲವಿಡೀ ಬಟ್ಟೆ ಕುದಿಸಿದಳು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬಾಗಿಲಲ್ಲಿ ಟಕಟಕ ಶಬ್ದ. ತೆರೆದರೆ, ಹೊಸ್ತಿಲಿನ ಮೇಲೆ ಹಾಜಿ, ಒಂಟಿ ಕಾಲಿನಲ್ಲಿ, ದೂರದ ದಾರಿಯ ದೂಳು ಮೈತುಂಬ. ಅವಳನ್ನು ಒಂದು ಕಣ್ಣಿನಿಂದ ನೋಡಿತು, ಆಮೇಲೆ ಇನ್ನೊಂದರಿಂದ ನೋಡಿತು.

ಜೆಮಿಲೆ ಕೊಪ್ಪರಿಗೆಯಲ್ಲಿದ್ದ ಒದ್ದೆ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದು, ಗೋಡೆಯಾಚೆಗೆ ಕೂಗಿದಳು.

"ಹನೀಫೆ, ಮಗನ್ನ ಕಳಿಸೇ, ಏಣಿ ತರಲಿ."

"ಯಾರ ಮಗನ್ನ?" ಎಂದಳು ಹನೀಫೆ ಆಚೆಯಿಂದ.

ಸಾತಿಲ್ಮಿಶ್ ಆಗಲೇ ಏಣಿ ಹೆಗಲಿಗೇರಿಸಿಕೊಂಡು ಹೊರಟಿದ್ದ. ಈ ಸಲ ಟೋಪಿಯ ಮೇಲೆ ಗುಲಿಜಾರ್‌ನ ಕಾಫಿ ಕುಡಿಕೆಯನ್ನು ಬೋರಲು ಹಾಕಿಕೊಂಡಿದ್ದ. ಏಳು ಸಲ ಕಲಾಯಿ ಕಂಡ ತಾಮ್ರ, ಯಾವ ಕೊಕ್ಕಿಗೂ ಜಗ್ಗುವಂಥದ್ದಲ್ಲ.